ಪಿಆರ್ ಸಿಕ್ಕಿತು, ಹೊರಡುವುದು ಯಾವಾಗ?

ನಮ್ಮ ಕರಾವಳಿಯ ಮುಸ್ಲಿಂ ಮನೆಗಳಲ್ಲಿ ಒಂದು ಕಾಲಕ್ಕೆ 'ವೀಸಾ ಬಂತು' ಎಂಬ ಮಾತಿಗೆ ಒಂದೇ ಅರ್ಥವಿತ್ತು. ಮುಂದಿನ ವಾರ ಹುಡುಗ ಮನೆಯಲ್ಲಿರುವುದಿಲ್ಲ. ಸಾಲ ಮಾಡಿ ಟಿಕೆಟ್ ತೆಗೆದು, ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಂಡು, ಉಮ್ಮನ ಕೈ ಹಿಡಿದು ಸಲಾಂ ಹೇಳಿ ಹೊರಟರೆ ಮತ್ತೆ ಮುಖ ಕಾಣುವುದು ಎರಡು ವರ್ಷದ ನಂತರವೇ. ಈಗ ಇನ್ನೊಂದು ಬಗೆಯ ಕಾಗದ ನಮ್ಮ ಮನೆಗಳಿಗೆ ಬರತೊಡಗಿದೆ. ಗಲ್ಫ್‌ನಲ್ಲಿ ಎಂಜಿನಿಯರ್, ಅಕೌಂಟೆಂಟ್, ಐಟಿ ನೌಕರರಾಗಿ ಹತ್ತು ಹದಿನೈದು ವರ್ಷ ದುಡಿದವರು ಕೆನಡಾದ ಕಾಯಂ ವಾಸದ ಪರವಾನಗಿ, ಅಂದರೆ ಪಿಆರ್, ಪಡೆಯುತ್ತಿದ್ದಾರೆ. ಸಿಹಿ ಹಂಚುತ್ತಾರೆ. ಅಭಿನಂದನೆ ಸ್ವೀಕರಿಸುತ್ತಾರೆ. ಆದರೆ ಹೊರಡುವುದಿಲ್ಲ!

ಹೊರಡುವುದೇ ಇಲ್ಲ ಎಂದರೆ ತಪ್ಪಾದೀತು. ಒಂದು ವಾರಕ್ಕೆ ಹೋಗಿ ಬರುತ್ತಾರೆ. ಕಾಗದದಲ್ಲಿ ಬರೆದಿರುವ ಕೊನೆಯ ತಾರೀಖಿಗೆ ಹತ್ತು ದಿನ ಇರುವಾಗ ಟೊರೊಂಟೊದಲ್ಲಿ ಇಳಿದು, ವಲಸೆ ಅಧಿಕಾರಿಯ ಮುಂದೆ ನಿಂತು, ಪರಿಚಯದವರ ಮನೆಯ ವಿಳಾಸ ಕೊಟ್ಟು, ನಯಾಗರ ಜಲಪಾತದ ಮುಂದೆ ಫೋಟೋ ತೆಗೆಸಿಕೊಂಡು ದುಬೈಗೋ ದಮ್ಮಾಮಿಗೋ ಹಿಂತಿರುಗುತ್ತಾರೆ. ಇದಕ್ಕೆ 'ಸಾಫ್ಟ್ ಲ್ಯಾಂಡಿಂಗ್' ಎಂಬ ಮೃದುವಾದ ಹೆಸರೂ ಇದೆ. 'ಪಿಆರ್ ಕೈಯಲ್ಲಿರಲಿ, ಹೋಗುವುದನ್ನು ಆಮೇಲೆ ನೋಡೋಣ' ಎಂಬುದು ಇದರ ಹಿಂದಿನ ತತ್ವ. ಇದನ್ನು ಜಾಣತನ ಎಂದು ಹೇಳಿಕೊಡುವ ಸಲಹೆಗಾರರಿಗೂ ಸ್ನೇಹಿತರಿಗೂ ಕೊರತೆಯಿಲ್ಲ.

ಇದು ಜಾಣತನವಲ್ಲ ಎಂದು ಹೇಳುವುದೇ ಈ ಬರಹದ ಉದ್ದೇಶ. ಇದು ತೀರ್ಮಾನ ಮಾಡಲಾಗದವರು ತಮ್ಮ ಅಳುಕಿಗೆ ಇಟ್ಟುಕೊಂಡ ಹೆಸರು. ಇದರ ಬೆಲೆಯನ್ನು ತೆರುವವರು ಹೆಚ್ಚಿನ ಸಲ ಅದನ್ನು ನಿರ್ಧರಿಸಿದ ಗಂಡಸಲ್ಲ. ಆ ಮನೆಯ ಹೆಂಗಸು ಮತ್ತು ಮಕ್ಕಳು.

ಮೊದಲು ಕಾನೂನನ್ನು ನೋಡೋಣ. ಕೆನಡಾದ ವಲಸೆ ಕಾಯ್ದೆಯ ಪ್ರಕಾರ ಕಾಯಂ ನಿವಾಸಿಯು ಪ್ರತಿ 5 ವರ್ಷಗಳ ಅವಧಿಯಲ್ಲಿ ಕನಿಷ್ಠ 730 ದಿನ ಆ ದೇಶದಲ್ಲಿರಬೇಕು. ಈ ಲೆಕ್ಕ ಶುರುವಾಗುವುದು ನಾವು ಮನೆ ಹಿಡಿದು ನೆಲೆಸಿದ ದಿನದಿಂದಲ್ಲ, ಮೊದಲು ಇಳಿದು ಕಾಯಂ ನಿವಾಸಿಯಾದ ದಿನದಿಂದ. ನಯಾಗರದ ಫೋಟೋ ತೆಗೆದ ವಾರವೇ ಗಡಿಯಾರ ಓಡಲು ಆರಂಭಿಸಿದೆ. ಪೌರತ್ವ ಬೇಕಿದ್ದರೆ ಲೆಕ್ಕ ಬೇರೆ. 2017ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಅರ್ಜಿ ಹಾಕುವ ದಿನದ ಹಿಂದಿನ 5 ವರ್ಷಗಳಲ್ಲಿ 1,095 ದಿನ ಅಲ್ಲಿ ವಾಸವಾಗಿರಬೇಕು.

5 ವರ್ಷದಲ್ಲಿ 2 ವರ್ಷ ಇದ್ದರೆ ಸಾಕು ಎಂಬುದನ್ನು ನಮ್ಮವರು '3 ವರ್ಷ ರಜೆ ಇದೆ' ಎಂದು ಓದುತ್ತಾರೆ. ಈ ಓದು ಎಲ್ಲಿಗೆ ಮುಟ್ಟಿಸುತ್ತದೆ ನೋಡಿ. 2023ರ ಜುಲೈಯಲ್ಲಿ ಒಂದು ಕುಟುಂಬ ಇಳಿದು ವಾರದೊಳಗೆ ಮರಳಿತು ಎಂದುಕೊಳ್ಳಿ. 'ಇನ್ನೂ ಸಮಯವಿದೆ' ಎಂದು 2026ರ ಜುಲೈವರೆಗೆ ಗಲ್ಫ್‌ನಲ್ಲೇ ಉಳಿಯಿತು. ಉಳಿದದ್ದು ಸರಿಯಾಗಿ 2 ವರ್ಷ. ಆಮೇಲಿನ ಪ್ರತಿಯೊಂದು ದಿನವೂ ಕೆನಡಾದಲ್ಲೇ ಕಳೆಯಬೇಕು. ಊರಲ್ಲಿ ತಂಗಿಯ ನಿಕಾಹ್ ಇದ್ದರೆ ದಿನ ಎಣಿಸಬೇಕು. ತಂದೆ ಆಸ್ಪತ್ರೆ ಸೇರಿದರೆ ದಿನ ಎಣಿಸಬೇಕು. ಮಯ್ಯತ್‌ಗೆ ಬರುವುದಕ್ಕೂ ಕ್ಯಾಲೆಂಡರ್ ನೋಡಬೇಕು. ಮೂರು ವರ್ಷದ 'ರಜೆ'ಯನ್ನು ಮೊದಲೇ ತಿಂದು ಮುಗಿಸಿದವನಿಗೆ ನಿಜವಾಗಿ ರಜೆ ಬೇಕಾದಾಗ ಒಂದು ದಿನವೂ ಉಳಿದಿರುವುದಿಲ್ಲ. ಕಾನೂನು ಆ ಸಡಿಲಿಕೆಯನ್ನು ಕೊಟ್ಟಿರುವುದು ಬದುಕಿನ ಆಪತ್ತುಗಳಿಗೆ. ನಾವು ಅದನ್ನು ಸಂಬಳದ ಚೀಟಿಗೆ ಖರ್ಚು ಮಾಡುತ್ತಿದ್ದೇವೆ.

ದಿನ ಕಡಿಮೆ ಬಿದ್ದರೆ ಮಾನವೀಯ ಕಾರಣ ಹೇಳಿಕೊಳ್ಳಲು, ಮೇಲ್ಮನವಿ ಹಾಕಲು ಅವಕಾಶವಿದೆ ಎಂಬುದು ನಿಜ. ಆದರೆ 'ದುಬೈಯಲ್ಲಿ ಸಂಬಳ ಚೆನ್ನಾಗಿತ್ತು' ಎನ್ನುವುದು ಯಾವ ಮಾನವೀಯ ಕಾರಣ?

ಗಲ್ಫ್‌ನ ಅನುಭವವೇ ನಮ್ಮನ್ನು ದಾರಿ ತಪ್ಪಿಸಿದೆ ಎನಿಸುತ್ತದೆ. ಗಲ್ಫ್‌ನ ಸಾಮಾನ್ಯ ನೌಕರನಿಗೆ ಕಾಯಂ ವಾಸ ಎಂಬುದೇ ಇಲ್ಲ. ಇಕಾಮಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಅದೂ ಹೋಯಿತು. ಯುಎಇಯ ಸಾಮಾನ್ಯ ವಾಸದ ವೀಸಾ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ರದ್ದಾಗುತ್ತದೆ. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿ, ಅದನ್ನು 2020ರ ಹೊತ್ತಿಗೆ 400ಕ್ಕೆ ಏರಿಸಿದಾಗ ಎಷ್ಟೋ ಕುಟುಂಬಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಬೇಕಾಯಿತು. ಇಂಥ ಅನಿಶ್ಚಿತತೆಯಲ್ಲಿ ಬದುಕಿದವನಿಗೆ ಪಿಆರ್ ಎಂದರೆ ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಕಾಣುವುದು ಸಹಜ. 'ಇಲ್ಲಿ ಹೊರಗೆ ಹಾಕಿದರೆ ಅಲ್ಲಿಗೆ ಹೋಗುತ್ತೇನೆ.' ಆದರೆ ಠೇವಣಿ ಇಟ್ಟಷ್ಟು ದಿನ ಬೆಳೆಯುತ್ತದೆ. ಪಿಆರ್ ಇಟ್ಟಷ್ಟು ದಿನ ಕರಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲವೂ.

'ಇನ್ನೊಂದು ವರ್ಷ ನಿಂತರೆ ಗ್ರಾಚ್ಯುಯಿಟಿ ಜಾಸ್ತಿ ಸಿಗುತ್ತದೆ' ಎನ್ನುವವರಿದ್ದಾರೆ. ಲೆಕ್ಕ ಹಾಕಿದ್ದೀರಾ? ಯುಎಇ ಕಾರ್ಮಿಕ ಕಾನೂನಿನಲ್ಲಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲವೇತನ ಸಿಗುತ್ತದೆ. ಅಂದರೆ ಒಂದು ವರ್ಷ ಹೆಚ್ಚು ನಿಂತದ್ದಕ್ಕೆ ಸೇರುವ ಗ್ರಾಚ್ಯುಯಿಟಿ ಒಂದು ತಿಂಗಳ ಸಂಬಳ. ಅದೂ ಮೂಲವೇತನ ಮಾತ್ರ, ಮನೆ ಭತ್ಯೆ ವಾಹನ ಭತ್ಯೆ ಸೇರದು. ಅದಕ್ಕಾಗಿ ಕೈಬಿಡುವುದು 5 ವರ್ಷದ ಗಡುವಿನಲ್ಲಿ 365 ದಿನ. ಮೀನು ಮಾರುವವನೂ ಇಂಥ ವ್ಯಾಪಾರಕ್ಕೆ ಒಪ್ಪಲಾರ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಡುವು ಹತ್ತಿರ ಬಂದಾಗ ಗಂಡ ಹೆಂಡತಿಯನ್ನೂ ಮಕ್ಕಳನ್ನೂ ಕೆನಡಾದಲ್ಲಿ ಬಿಟ್ಟು, ತಾನೊಬ್ಬ ಗಲ್ಫ್‌ಗೆ ವಾಪಸಾಗುವುದು. ಟೊರೊಂಟೊ ಪಕ್ಕದ ಮಿಸಿಸಾಗ ನಗರದಲ್ಲಿ ಇಂಥ ದಕ್ಷಿಣ ಏಷ್ಯಾದ ಕುಟುಂಬಗಳು ಎಷ್ಟಾಗಿದ್ದವೆಂದರೆ, ಅವು ನೆಲೆಸಿದ ಕಟ್ಟಡಗಳ ಸುತ್ತಲಿಗೆ ಜನ 'ಬೇಗಂಪುರ' ಎಂಬ ಅಡ್ಡಹೆಸರನ್ನೇ ಇಟ್ಟರು. ಬೇಗಂಗಳಿರುವ, ಗಂಡಂದಿರಿಲ್ಲದ ಊರು! ಕೇಳಲು ತಮಾಷೆಯಾಗಿದೆ. ಆದರೆ ಜನವರಿಯ ಹಿಮದಲ್ಲಿ ಒಬ್ಬಳೇ ಮಗುವನ್ನು ಶಾಲೆಗೆ ಬಿಟ್ಟು, ಇನ್ನೊಂದನ್ನು ಎತ್ತಿಕೊಂಡು ಬಸ್ಸಿಗೆ ಕಾಯುವವಳಿಗೆ ಅದು ತಮಾಷೆಯಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಅವಳು ಯಾರನ್ನು ಕೂಗಬೇಕು? ಊರಲ್ಲಾದರೆ ಅತ್ತೆ, ನಾದಿನಿ, ನೆರೆಮನೆಯವರು ಇದ್ದರು. ಗಲ್ಫ್‌ನಲ್ಲಾದರೆ ಗಂಡನಿದ್ದ. ಇಲ್ಲಿ ಎರಡೂ ಇಲ್ಲ.

ಅವಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2015ರ ಜನವರಿಯಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಅರ್ಜಿದಾರರಿಗೆ ಅಂಕ ಕೊಡುತ್ತಾರೆ. ಜೊತೆಗೆ ಬರುವ ಸಂಗಾತಿಯ ವಿದ್ಯೆ, ಭಾಷಾ ಪರೀಕ್ಷೆ ಮತ್ತು ಕೆನಡಾದ ಕೆಲಸದ ಅನುಭವಕ್ಕೆ ಸೇರಿ 40 ಅಂಕಗಳವರೆಗೆ ಇದೆ. ಒಂದೆರಡು ಅಂಕಕ್ಕೆ ಅವಕಾಶ ತಪ್ಪುವ ಈ ಪೈಪೋಟಿಯಲ್ಲಿ 'ನೀನೂ ಐಇಎಲ್‌ಟಿಎಸ್ ಬರಿ' ಎಂದು ಗಂಡ ಬೇಡಿಕೊಳ್ಳುತ್ತಾನೆ. ಅವಳು ಮಕ್ಕಳನ್ನು ಮಲಗಿಸಿ ರಾತ್ರಿ ಓದುತ್ತಾಳೆ. ಅವಳ ಬಿ.ಎಸ್ಸಿ, ಅವಳ ಬಿ.ಎಡ್, ಅವಳ ಇಂಗ್ಲಿಷ್, ಎಲ್ಲವೂ ಆ ಕಾಗದದಲ್ಲಿ ಸೇರಿದೆ. ಕಾಗದ ಕೈಗೆ ಬಂದ ಮೇಲೆ ಮಾತ್ರ ಯಾವಾಗ ಹೋಗಬೇಕು, ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ಗಂಡ, ಅವನ ಅಣ್ಣ ಮತ್ತು ಒಬ್ಬ ಏಜೆಂಟ್ ಕೂತು ತೀರ್ಮಾನಿಸುತ್ತಾರೆ! ಅಂಕಕ್ಕೆ ಬೇಕಾದವಳು ಅಭಿಪ್ರಾಯಕ್ಕೆ ಬೇಡವಾದಳು. ಒಂಟಿಯಾಗಿ ಮನೆ ನಡೆಸಬೇಕಾದವಳಿಗೆ ಅಲ್ಲಿ ತನ್ನ ಪದವಿಗೆ ಮಾನ್ಯತೆ ಪಡೆಯಲು, ಕೆಲಸ ಹುಡುಕಲು ಸಮಯವೆಲ್ಲಿ? ಇಬ್ಬರು ದುಡಿಯಬಹುದಾದ ದೇಶಕ್ಕೆ ಹೋಗಿ ಅವಳನ್ನು ಹೀಗೆ ಕೂರಿಸುವುದಾದರೆ ಅವಳ ಅಂಕ ಯಾಕೆ ಬೇಕಿತ್ತು?

ಹಣದ ವಿಷಯದಲ್ಲೂ ಈ ಅರ್ಧ ವಲಸೆ ನಮ್ಮನ್ನು ಇಕ್ಕಟ್ಟಿಗೆ ದೂಡುತ್ತದೆ. ಗಲ್ಫ್‌ನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಕೆನಡಾ ತನ್ನ ತೆರಿಗೆ ನಿವಾಸಿಗಳ ಆದಾಯ ಲೋಕದ ಯಾವ ಮೂಲೆಯಿಂದ ಬಂದರೂ ತೆರಿಗೆ ಕೇಳುತ್ತದೆ. ಅಲ್ಲಿ ಮನೆ, ಹೆಂಡತಿ, ಅವಲಂಬಿತ ಮಕ್ಕಳು ಇದ್ದರೆ ಅವನ್ನು ತೆರಿಗೆ ಇಲಾಖೆ ಮುಖ್ಯವಾದ ನಂಟುಗಳೆಂದು ಎಣಿಸುತ್ತದೆ. 'ನಾನು ದುಬೈಯಲ್ಲಿದ್ದೇನೆ, ನನಗೇನು' ಎನ್ನುವಂತಿಲ್ಲ. ಮಕ್ಕಳಿಗಾಗಿ ಸರಕಾರ ಕೊಡುವ ಮಾಸಿಕ ನೆರವಿನ ಮೊತ್ತವೂ ಇಡೀ ಕುಟುಂಬದ ಆದಾಯ ನೋಡಿಯೇ ನಿರ್ಧಾರವಾಗುವುದು. ವಿದೇಶದಲ್ಲಿರುವ ಗಂಡನ ಸಂಬಳವನ್ನೂ ಅದರಲ್ಲಿ ತೋರಿಸಬೇಕು. ಅದನ್ನು ಮುಚ್ಚಿಟ್ಟು ನೆರವು ಪಡೆದರೆ ಅದು ಕಾನೂನಿಗೂ ಮೋಸ, ನಮ್ಮ ನಂಬಿಕೆಗೂ ಮೋಸ. ಆ ಹಣ ಅಲ್ಲಿ ಬೆವರು ಸುರಿಸಿ ತೆರಿಗೆ ಕಟ್ಟಿದವರದ್ದು. ಹಲಾಲ್ ಮಾಂಸದ ಅಂಗಡಿ ಎಲ್ಲಿದೆ ಎಂದು ವಿಮಾನ ಹತ್ತುವ ಮೊದಲೇ ವಿಚಾರಿಸುವ ನಾವು, ಮನೆಗೆ ಬರುವ ಹಣ ಹಲಾಲ್ ಆಗಿದೆಯೇ ಎಂದೂ ಅಷ್ಟೇ ಎಚ್ಚರದಿಂದ ವಿಚಾರಿಸಬೇಡವೇ?

ಮದುವೆಯ ವಿಷಯವಂತೂ ಇನ್ನೂ ಗಂಭೀರ. ಅವಿವಾಹಿತ ಹುಡುಗನಿಗೆ ಪಿಆರ್ ಬರುತ್ತಿದ್ದಂತೆಯೇ ಸಂಬಂಧಗಳು ಬರತೊಡಗುತ್ತವೆ. 'ಹೋಗುವ ಮೊದಲು ನಿಕಾಹ್ ಮುಗಿಸಿಬಿಡೋಣ, ಹುಡುಗಿಯನ್ನು ಆಮೇಲೆ ಕರೆಸಿಕೊಳ್ಳಲಿ' ಎಂದು ಹಿರಿಯರು ಅವಸರ ಮಾಡುತ್ತಾರೆ. ಅರ್ಜಿ ಹಾಕಿದ ನಂತರ ಮತ್ತು ಇಳಿಯುವ ಮೊದಲು ಮದುವೆಯಾದರೆ, ಮಗು ಹುಟ್ಟಿದರೆ, ಅದನ್ನು ವಲಸೆ ಇಲಾಖೆಗೆ ಇಳಿಯುವುದಕ್ಕೆ ಮೊದಲೇ ತಿಳಿಸಲೇಬೇಕು. ತಿಳಿಸದೆ 'ಅವಿವಾಹಿತ' ಎಂದು ಇಳಿದರೆ, ಆ ಹೆಂಡತಿಯನ್ನು ಮುಂದೆ ಕುಟುಂಬ ಪ್ರಾಯೋಜನೆಯಡಿ ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು. ಇದು ಅಲ್ಲಿನ ನಿಯಮಾವಳಿಯಲ್ಲಿ ಸ್ಪಷ್ಟವಾಗಿದೆ. 2019ರಲ್ಲಿ ತಂದ ಒಂದು ತಾತ್ಕಾಲಿಕ ನೀತಿಯಡಿ ಕೆಲವರಿಗೆ ರಿಯಾಯಿತಿ ಸಿಕ್ಕಿದೆ ನಿಜ, ಆದರೆ ಒಂದು ಹೆಣ್ಣಿನ ಬಾಳನ್ನು ರಿಯಾಯಿತಿಯ ಮೇಲೆ ನಿಲ್ಲಿಸುವುದು ಯಾವ ನ್ಯಾಯ? ತಿಳಿಸಿದರೆ ತಡವಾಗುತ್ತದೆ ಎಂದು ಹೆದರುವವರು ಮದುವೆಯನ್ನೇ ತಡಮಾಡಲಿ. ಹೋಗಿ, ನೆಲೆಸಿ, ಬಂದು ಆಗಲಿ. ಹೆಣ್ಣಿನ ತಂದೆಯೂ ಹುಡುಗನ ಪಿಆರ್ ನೋಡುವುದರ ಜೊತೆಗೆ 'ಈ ನಿಕಾಹ್ ಆ ಕಾಗದದಲ್ಲಿ ಸೇರುತ್ತದೆಯೇ?' ಎಂದು ಕೇಳಬೇಕು. ಮೆಹರ್ ಎಷ್ಟು ಎಂದು ಕೇಳುವಷ್ಟೇ ಸಹಜವಾಗಿ ಕೇಳಬೇಕು.

ಹಾಗಾದರೆ ಕಾಗದ ಬಂದ ಮರುದಿನವೇ ಗಂಟುಮೂಟೆ ಕಟ್ಟಬೇಕೇ? ಹಾಗೆ ಹೇಳುತ್ತಿಲ್ಲ. ಕಾಯುವುದರಲ್ಲಿ ಎರಡು ಬಗೆ ಇದೆ. ತಾರೀಖು ಇಟ್ಟುಕೊಂಡು ಕಾಯುವುದು ಒಂದು, ತಾರೀಖಿಲ್ಲದೆ ಕಾಯುವುದು ಇನ್ನೊಂದು. ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, ಪರೀಕ್ಷೆ ಮುಗಿಯಲಿ ಎನ್ನುವುದು ವಿವೇಕ. ಹೆಂಡತಿ ತುಂಬು ಗರ್ಭಿಣಿ, ಹೆರಿಗೆಯಾಗಿ ಮಗುವನ್ನೂ ಅರ್ಜಿಗೆ ಸೇರಿಸಿ ಹೋಗುತ್ತೇವೆ ಎನ್ನುವುದು ವಿವೇಕ. ಸಾಲವೊಂದು ತೀರಬೇಕು, ಅದಕ್ಕೆ ಎಂಟು ತಿಂಗಳು ಬೇಕು ಎನ್ನುವುದೂ ವಿವೇಕವೇ. 'ನೋಡೋಣ, ಪರಿಸ್ಥಿತಿ ಸುಧಾರಿಸಲಿ' ಎನ್ನುವುದು ಮಾತ್ರ ವಿವೇಕವಲ್ಲ. ಪರಿಸ್ಥಿತಿ ಯಾರ ಅಪ್ಪಣೆಗೂ ಕಾಯುವುದಿಲ್ಲ.

'ಅಲ್ಲಿ ಕೆಲಸ ಸಿಗುವುದಿಲ್ಲವಂತೆ, ಎಂಜಿನಿಯರ್‌ಗಳು ಟ್ಯಾಕ್ಸಿ ಓಡಿಸುತ್ತಾರಂತೆ' ಎಂಬ ಆಕ್ಷೇಪ ಇದೆ. ಇದನ್ನು ತಳ್ಳಿಹಾಕಲಾಗದು. ಮನೆ ಬಾಡಿಗೆ ಏರಿದೆ, ಜನರ ಅಸಮಾಧಾನವೂ ಏರಿದೆ. ಮೊದಲು ವರ್ಷಕ್ಕೆ 5,00,000 ಮಂದಿಗೆ ಪಿಆರ್ ಕೊಡುವ ಗುರಿ ಇಟ್ಟುಕೊಂಡಿದ್ದ ಕೆನಡಾ ಸರಕಾರ, 2024ರ ಅಕ್ಟೋಬರ್‌ನಲ್ಲಿ 2025ರ ಗುರಿಯನ್ನು 3,95,000ಕ್ಕೆ ಇಳಿಸಿತು. ಆದರೆ ಇದರಿಂದ ಏನು ತಿಳಿಯಬೇಕು? ಬಾಗಿಲು ಕಿರಿದಾಗುತ್ತಿರುವಾಗ ಒಳಗೆ ಹೋಗಲು ಅನುಮತಿ ಸಿಕ್ಕವನು ಹೊಸ್ತಿಲಲ್ಲಿ ನಿಂತು ಹರಟೆ ಹೊಡೆಯಬಾರದು ಎಂದಲ್ಲವೇ? ಪಿಆರ್ ಕಳೆದುಕೊಂಡರೆ ಎರಡನೆಯ ಸಲ ಅರ್ಜಿ ಹಾಕುವಾಗ ವಯಸ್ಸು ಏರಿರುತ್ತದೆ, ವಯಸ್ಸಿನ ಅಂಕ ಇಳಿದಿರುತ್ತದೆ. ಕೆಲಸದ ಕಷ್ಟ ಮೂವತ್ತೆಂಟರಲ್ಲಿ ಇರುವುದಕ್ಕಿಂತ ನಲವತ್ತೆರಡರಲ್ಲಿ ಕಡಿಮೆಯಾಗುವುದಿಲ್ಲ. ಒಂದು ವಾರದ ಸಾಫ್ಟ್ ಲ್ಯಾಂಡಿಂಗ್‌ನಲ್ಲಿ ಯಾರೂ ಕೆಲಸ ಕೊಡುವುದೂ ಇಲ್ಲ. ಗಲ್ಫ್‌ನಲ್ಲಿ ಕೂತು ಕೆನಡಾದ ಕೆಲಸಕ್ಕೆ ಅರ್ಜಿ ಹಾಕಿ 'ಉತ್ತರವೇ ಬರಲಿಲ್ಲ' ಎನ್ನುವವನು, ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಎಂದವನ ಹಾಗೆ.

ಕೆಲಸದ ಭಯ ನಿಜವಾಗಿಯೂ ಇದ್ದರೆ ಅದಕ್ಕೆ ದಾರಿ ಬೇರೆ. ಗಂಡನೇ ಮೊದಲು ಹೋಗಲಿ. ಹೆಂಡತಿ ಮಕ್ಕಳು ಶಾಲೆಯ ವರ್ಷ ಮುಗಿಯುವವರೆಗೆ ಇದ್ದಲ್ಲೇ ಇರಲಿ. ಅರ್ಜಿದಾರ ಮೊದಲು, ಕುಟುಂಬ ತಮ್ಮ ಕಾಗದದ ಅವಧಿಯೊಳಗೆ ಆಮೇಲೆ ಹೋಗುವುದಕ್ಕೆ ಅವಕಾಶವಿದೆ. ಹಿಮವನ್ನು, ಬಾಡಿಗೆ ಮನೆಯ ಹುಡುಕಾಟವನ್ನು, ಮೊದಲ ಸಣ್ಣ ಕೆಲಸದ ಅವಮಾನವನ್ನು ಅವನು ಎದುರಿಸಲಿ. ನಮ್ಮಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು. ಕಷ್ಟದ ಊರಿಗೆ ಹೆಂಗಸನ್ನು ಕಳುಹಿಸಿ, ಪರಿಚಯದ ಊರಲ್ಲಿ ಗಂಡಸು ಉಳಿಯುತ್ತಾನೆ. ಕುಟುಂಬದ ಹೊಣೆ ಗಂಡಸಿನದು ಎಂದು ಮಾತೆತ್ತಿದರೆ ಹೇಳುವ ನಮ್ಮ ಹಿರಿಯರು ಈ ಜಾಗದಲ್ಲಿ ಯಾಕೆ ಸುಮ್ಮನಾಗುತ್ತಾರೆ?

ಸಣ್ಣ ಸಂಗತಿಗಳೂ ತಾರೀಖು ಇಟ್ಟುಕೊಂಡವನಿಗೇ ಹೊಳೆಯುತ್ತವೆ. ಅಲ್ಲಿ ಶಾಲೆ ಆರಂಭವಾಗುವುದು ಸೆಪ್ಟೆಂಬರ್‌ನಲ್ಲಿ. ಗಲ್ಫ್‌ನ ಭಾರತೀಯ ಶಾಲೆಗಳ ವರ್ಷ ಮಾರ್ಚ್‌ನಲ್ಲಿ ಮುಗಿಯುತ್ತದೆ. ನಡುವೆ ಊರಿಗೆ ಬಂದು ಹಿರಿಯರ ಜೊತೆ ಎರಡು ತಿಂಗಳು ಕಳೆದು, ಜುಲೈ ಕೊನೆಗೋ ಆಗಸ್ಟ್‌ನಲ್ಲೋ ಇಳಿದರೆ ಚಳಿಗೆ ಮೊದಲು ಮನೆ, ಶಾಲೆ, ಆರೋಗ್ಯ ಕಾರ್ಡ್ ಎಲ್ಲಕ್ಕೂ ಸಮಯ ಸಿಗುತ್ತದೆ. ಒಂಟಾರಿಯೊದಲ್ಲಿ ಆರೋಗ್ಯ ವಿಮೆಗೆ ಇದ್ದ ಮೂರು ತಿಂಗಳ ಕಾಯುವಿಕೆ 2020ರಲ್ಲಿ ತೆಗೆದುಹಾಕಲ್ಪಟ್ಟಿತು. ಆದರೆ ಅಲ್ಲಿ ವಾಸ ಶುರುಮಾಡಿದ ಮೊದಲ 183 ದಿನಗಳಲ್ಲಿ 153 ದಿನ ಅಲ್ಲೇ ಇರಬೇಕೆಂಬ ನಿಯಮವಿದೆ. ವಾರಕ್ಕೆ ಬಂದು ಹೋಗುವವರಿಗೆ ಅದು ದಕ್ಕದು. ಪಿಆರ್ ಕಾರ್ಡನ್ನು ಕೆನಡಾದ ಹೊರಗಿನ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುವುದಿಲ್ಲ. ನಮ್ಮ ಹೆಂಗಸರ ಬಂಗಾರದ ಮಾತೂ ಇದೆ. ಮೊದಲ ಸಲ ಇಳಿಯುವಾಗಲೇ ಆಭರಣಗಳ ಪಟ್ಟಿ, ಬೆಲೆ, ಫೋಟೋ ಕೊಟ್ಟು ಸುಂಕದ ಅಧಿಕಾರಿಗಳ ನಮೂನೆಯಲ್ಲಿ ಬರೆಸದಿದ್ದರೆ ಆಮೇಲೆ ತರುವಾಗ ತೊಂದರೆ. ಇವೆಲ್ಲ ಏಜೆಂಟನಿಗೆ ಗೊತ್ತಿಲ್ಲವೆಂದಲ್ಲ. ಅವನ ಶುಲ್ಕ ಕಾಗದ ಬರುವುದರೊಂದಿಗೆ ಮುಗಿದಿರುತ್ತದೆ. ಬದುಕು ಶುರುವಾಗುವುದು ಅಲ್ಲಿಂದ.

ತಂದೆ ತಾಯಿಯ ಮಾತು ಬಂದಾಗ ಮಾತ್ರ ಯಾರ ಗಂಟಲೂ ಕಟ್ಟುತ್ತದೆ. 'ಉಮ್ಮ ಒಬ್ಬಳೇ ಇದ್ದಾಳೆ' ಎನ್ನುವವನಿಗೆ ತರ್ಕ ಹೇಳಲಾಗದು. ಆದರೆ ಒಂದು ಪ್ರಶ್ನೆ ಕೇಳಬಹುದು. ಗಲ್ಫ್‌ನಲ್ಲಿದ್ದಾಗ ಉಮ್ಮನ ಜೊತೆ ಇದ್ದೆಯಾ? ಗಲ್ಫ್‌ಗೂ ಕೆನಡಾಕ್ಕೂ ನಡುವೆ ತೂಗಾಡುತ್ತಿರುವವನು ಉಮ್ಮನ ಹೆಸರನ್ನು ನೆಪ ಮಾಡಬಾರದು. ಉಮ್ಮನಿಗಾಗಿ ಎಂದಾದರೆ ಊರಿಗೇ ಬಾ. ಅದಕ್ಕಿಂತ ದೊಡ್ಡದು ಯಾವುದಿದೆ? ಅಲ್ಲ, ಹೋಗುವುದೇ ಆದರೆ ಬೇಗ ಹೋಗಿ ನೆಲೆಸು. ನೆಲೆಸಿ ಆದಾಯ ತೋರಿಸಬಲ್ಲವನಿಗೆ ತಂದೆ ತಾಯಿಯನ್ನು ಸೂಪರ್ ವೀಸಾದಲ್ಲಿ ಕರೆಸಿಕೊಳ್ಳುವ ಅವಕಾಶವಿದೆ. 2022ರ ಜುಲೈಯಿಂದ ಅದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದು. ತೂಗಾಡುವವನಿಗೆ ಎರಡೂ ಇಲ್ಲ.

ಹೋಗದಿರುವುದು ಸೋಲಲ್ಲ ಎಂಬುದನ್ನೂ ಹೇಳಬೇಕು. ಗಂಡ ಹೆಂಡತಿ ಕೂತು ಮಾತಾಡಿ 'ನಮಗೆ ಇದು ಬೇಡ' ಎಂದು ನಿರ್ಧರಿಸಿ ಕಾಗದವನ್ನು ಬಿಟ್ಟುಕೊಟ್ಟರೆ ಅದು ಗೌರವದ ಮಾತು. ಮಂಗಳೂರಿನಲ್ಲೋ ಭಟ್ಕಳದಲ್ಲೋ ಬದುಕು ಕಟ್ಟಿಕೊಂಡವರು ಕೆನಡಾದಲ್ಲಿ ಕಟ್ಟಿಕೊಂಡವರಿಗಿಂತ ಕಡಿಮೆಯವರಲ್ಲ. ಸೋಲು ಇರುವುದು ನೆರೆಹೊರೆಯವರ ಬಾಯಲ್ಲಿ 'ಕೆನಡಾ ಪಿಆರ್ ಇರುವ ಮನೆ' ಎನಿಸಿಕೊಳ್ಳಲು ಐದು ವರ್ಷ ಎರಡು ದೋಣಿಯಲ್ಲಿ ಕಾಲಿಡುವುದರಲ್ಲಿ.

ಆದ್ದರಿಂದ ಅರ್ಜಿ ಹಾಕುವವರಲ್ಲಿ ಒಂದೇ ಬೇಡಿಕೆ. ಕೊನೆಯ ಶುಲ್ಕ ಕಟ್ಟುವ ಮೊದಲು ಗಂಡ ಹೆಂಡತಿ ಇಬ್ಬರೂ ಎದುರುಬದುರು ಕೂತು ಒಂದು ತಾರೀಖು ಬರೆಯಲಿ. ಅಂದು ಯಾರು ಯಾರು ವಿಮಾನ ಹತ್ತುತ್ತಾರೆ, ಉಳಿದವರು ಎಷ್ಟು ತಿಂಗಳೊಳಗೆ ಸೇರಿಕೊಳ್ಳುತ್ತಾರೆ, ಕೆಲಸ ಸಿಗದಿದ್ದರೆ ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ ಎಂದು ಬರೆಯಲಿ. ಆ ತಾರೀಖನ್ನು ಬರೆಯಲು ಕೈ ಬಾರದಿದ್ದರೆ ಶುಲ್ಕವನ್ನೂ ಕಟ್ಟುವುದು ಬೇಡ. ನಮ್ಮ ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ಪಿಆರ್ ಪಡೆಯುವುದು ಹೇಗೆ ಎಂದು ಶಿಬಿರ ನಡೆಸುವಾಗ, ಪಡೆದ ಮೇಲೆ ಏನು ಎಂಬುದಕ್ಕೂ ಒಂದು ಗಂಟೆ ಇಡಲಿ. ಆ ಗಂಟೆಯಲ್ಲಿ ಹೆಂಗಸರನ್ನು ಪರದೆಯ ಹಿಂದೆ ಕೂರಿಸಿ ಕೇಳಿಸುವುದಲ್ಲ, ಅವರಿಗೂ ಮೈಕ್ ಕೊಡಲಿ. ಯಾಕೆಂದರೆ ಆ 730 ದಿನಗಳನ್ನು ಒಂದೊಂದಾಗಿ ಬದುಕಬೇಕಾದವರು ಅವರೇ.